ಪೆನ್ ಸ್ಟೇಟ್, ಫ್ಲೋರಿಡಾ, ಎಲ್‌ಎಸ್‌ಯು: ಕಾಲೇಜು ಫುಟ್‌ಬಾಲ್‌ನಲ್ಲಿ ಯಾವ ಹೆಡ್ ಕೋಚ್ ಹುದ್ದೆ ಒಳ್ಳೇದು?

2025ರ ಅಕ್ಟೋಬರ್‌ನಲ್ಲಿ ಸಾಲಾಗಿ ಮೂರು ಭಾನುವಾರ ಅಮೆರಿಕದ ಕಾಲೇಜು ಫುಟ್‌ಬಾಲ್‌ನ ಮೂರು ದೊಡ್ಡ ಕುರ್ಚಿಗಳು ಖಾಲಿಯಾದವು. ಇದು ಕಾಲಲ್ಲಿ ಒದೆಯುವ ಫುಟ್‌ಬಾಲ್ ಅಲ್ಲ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕನ್ ಫುಟ್‌ಬಾಲ್. 12ರಂದು ಪೆನ್ ಸ್ಟೇಟ್ ತನ್ನ ಹೆಡ್ ಕೋಚ್ ಜೇಮ್ಸ್ ಫ್ರಾಂಕ್ಲಿನ್ ಅವರನ್ನು ತೆಗೆಯಿತು. 19ರಂದು ಫ್ಲೋರಿಡಾದಲ್ಲಿ ಬಿಲ್ಲಿ ನೇಪಿಯರ್ ಸರದಿ. 26ರ ರಾತ್ರಿ ಲೂಸಿಯಾನಾ ಸ್ಟೇಟ್ ಯೂನಿವರ್ಸಿಟಿ, ಎಲ್ಲರೂ ಎಲ್‌ಎಸ್‌ಯು ಅನ್ನುವ ಕಾಲೇಜು, ಬ್ರಯಾನ್ ಕೆಲ್ಲಿ ಅವರನ್ನು ಮನೆಗೆ ಕಳಿಸಿತು. ಅಲ್ಲಿಂದ ಡಿಸೆಂಬರ್‌ವರೆಗೆ ಈ ಆಟ ನೋಡುವವರ ಬಾಯಲ್ಲಿ ಒಂದೇ ಪ್ರಶ್ನೆ: ಮೂರರಲ್ಲಿ ಒಳ್ಳೇ ಕೆಲಸ ಯಾವುದು?

ಎಂಎಸ್ ಓದಲು ಹೋಗಿ ಇಂಥ ಕಾಲೇಜು ಊರುಗಳಲ್ಲಿ ಇದ್ದ ನಮ್ಮ ಹುಡುಗ ಹುಡುಗಿಯರಿಗೆ ಈ ಹುಚ್ಚು ಗೊತ್ತಿರುತ್ತದೆ. ಶನಿವಾರ ಮ್ಯಾಚ್ ಇದ್ದರೆ ಊರಿಗೆ ಊರೇ ಒಂದೇ ಬಣ್ಣದ ಅಂಗಿ ಹಾಕಿರುತ್ತದೆ. ಬಸ್ಸು ಬೇರೆ ದಾರಿ ಹಿಡಿಯುತ್ತದೆ, ಕಾರು ನಿಲ್ಲಿಸಲು ಜಾಗ ಸಿಗುವುದಿಲ್ಲ. ಬಹಳಷ್ಟು ರಾಜ್ಯಗಳಲ್ಲಿ ಸರ್ಕಾರಿ ಸಂಸ್ಥೆಯಿಂದ ಸಂಬಳ ತಗೊಳ್ಳುವವರ ಪೈಕಿ ಎಲ್ಲರಿಗಿಂತ ಜಾಸ್ತಿ ಸಂಬಳ ಕಾಲೇಜು ತಂಡದ ಕೋಚ್‌ಗೆ. ಗವರ್ನರ್‌ಗೂ ಅಷ್ಟು ಇರುವುದಿಲ್ಲ.

ಹುದ್ದೆಗಳನ್ನು ಅಳೆಯುವಾಗ ಜನ ಮೊದಲು ನೋಡುವುದು ಕಪ್ ಎಷ್ಟು, ಸ್ಟೇಡಿಯಂ ಎಷ್ಟು ದೊಡ್ಡದು ಅಂತ. ನನ್ನ ಪ್ರಕಾರ ಅವೆರಡೂ ದಾರಿ ತಪ್ಪಿಸುತ್ತವೆ. ಕಾಲೇಜು ಕೋಚ್‌ನಿಂದ ಏನು ಕೇಳುತ್ತದೆ, ಅದಕ್ಕೆ ಬೇಕಾದ್ದರಲ್ಲಿ ಎಷ್ಟನ್ನು ಕೊಡುತ್ತದೆ, ಇವೆರಡರ ನಡುವಿನ ಅಂತರ ನೋಡಬೇಕು. ಅಂತರ ಕಡಿಮೆ ಇದ್ದರೆ ಒಳ್ಳೇ ಹುದ್ದೆ. ಜಾಸ್ತಿ ಇದ್ದರೆ, ಸಂಬಳ ಎಷ್ಟೇ ಇರಲಿ, ನಾಲ್ಕು ವರ್ಷದಲ್ಲಿ ಗಂಟುಮೂಟೆ ಕಟ್ಟಬೇಕಾಗುತ್ತದೆ.

ಆಟಗಾರರು ಎಷ್ಟು ಹತ್ತಿರ ಇದ್ದಾರೆ

ಹೈಸ್ಕೂಲ್ ಹುಡುಗರನ್ನು ಒಲಿಸಿ ತಂಡಕ್ಕೆ ಕರೆತರುವ ಕೆಲಸಕ್ಕೆ ರಿಕ್ರೂಟಿಂಗ್ ಅನ್ನುತ್ತಾರೆ. ಕೋಚ್‌ನ ಅರ್ಧ ಆಯುಷ್ಯ ಇದರಲ್ಲೇ ಕಳೆಯುತ್ತದೆ. ಬೆಳಿಗ್ಗೆ ಹುಡುಗನ ಸ್ಕೂಲಿಗೆ ಹೋಗಿ ಅಲ್ಲಿಯ ಕೋಚ್ ಜೊತೆ ಮಾತು. ಸಂಜೆ ಅವನ ಮನೆಯ ಸೋಫಾದ ಮೇಲೆ ಕೂತು, ಅಮ್ಮ ಮಾಡಿದ್ದನ್ನು ತಿಂದು, ಅಜ್ಜಿಗೆ ನಿಮ್ಮ ಮೊಮ್ಮಗನನ್ನು ನಾನು ನೋಡಿಕೊಳ್ಳುತ್ತೇನೆ ಅಂತ ಭರವಸೆ ಕೊಡಬೇಕು. ಇದನ್ನೇ ವಿಮಾನ ಹತ್ತಿ ನಾಲ್ಕು ರಾಜ್ಯ ದಾಟಿ ಮಾಡುವುದಕ್ಕೂ ಕಾರಿನಲ್ಲಿ ಒಂದೆರಡು ಗಂಟೆ ಹೋಗಿ ಮಾಡುವುದಕ್ಕೂ ಬಹಳ ವ್ಯತ್ಯಾಸ ಇದೆ.

ಇಲ್ಲಿ ಎಲ್‌ಎಸ್‌ಯು ಜೊತೆ ಹೋಲಿಸಬಹುದಾದ ಕಾಲೇಜುಗಳು ಬಹಳ ಕಡಿಮೆ. ಲೂಸಿಯಾನಾ ದೊಡ್ಡ ರಾಜ್ಯವಲ್ಲ. ಆದರೆ ಜನಸಂಖ್ಯೆಗೆ ಹೋಲಿಸಿದರೆ ಅಲ್ಲಿಂದ ಎನ್‌ಎಫ್‌ಎಲ್ ಎಂಬ ವೃತ್ತಿಪರ ಲೀಗ್‌ಗೆ ಹೋಗುವ ಆಟಗಾರರು ಬಹಳ. ಕಾಲೇಜುಗಳು ಗುಂಪು ಕಟ್ಟಿಕೊಂಡು ತಮ್ಮೊಳಗೆ ಆಡುತ್ತವೆ, ಅಂಥ ಗುಂಪಿಗೆ ಕಾನ್ಫರೆನ್ಸ್ ಅನ್ನುತ್ತಾರೆ. ದೊಡ್ಡ ಕಾನ್ಫರೆನ್ಸ್‌ನಲ್ಲಿ ಆಡುವ ಕಾಲೇಜು ಆ ರಾಜ್ಯದಲ್ಲಿ ಇದೊಂದೇ. ನ್ಯೂ ಓರ್ಲಿಯನ್ಸ್‌ನ ಹುಡುಗ ಚಿಕ್ಕಂದಿನಿಂದ ಹಾಕಿಕೊಂಡು ಬೆಳೆದಿರುವುದೇ ಎಲ್‌ಎಸ್‌ಯುನ ನೇರಳೆ-ಚಿನ್ನದ ಅಂಗಿ. ಇದರ ಫಲ ನೋಡಿ: 2003ರಲ್ಲಿ ನಿಕ್ ಸೇಬನ್, 2007ರಲ್ಲಿ ಲೆಸ್ ಮೈಲ್ಸ್, 2019ರಲ್ಲಿ ಎಡ್ ಓರ್ಜರಾನ್. ಒಬ್ಬರ ಹಿಂದೆ ಒಬ್ಬರು ಬಂದ ಮೂವರು ಕೋಚ್‌ಗಳೂ ರಾಷ್ಟ್ರೀಯ ಚಾಂಪಿಯನ್ ಆದರು. ಮೂವರ ಸ್ವಭಾವ ಬೇರೆ, ಆಡಿಸುವ ರೀತಿ ಬೇರೆ. ಬದಲಾಗದೆ ಇದ್ದದ್ದು ಆ ನೆಲ ಒಂದೇ.

ಫ್ಲೋರಿಡಾ ರಾಜ್ಯದಲ್ಲಿ ಆಟಗಾರರು ಇನ್ನೂ ಜಾಸ್ತಿ. ಆದರೆ ಪಾಲುದಾರರೂ ಜಾಸ್ತಿ. ಗೇನ್ಸ್‌ವಿಲ್‌ನ ಫ್ಲೋರಿಡಾ ಜೊತೆಗೆ ಫ್ಲೋರಿಡಾ ಸ್ಟೇಟ್, ಮಯಾಮಿ, 2023ರಿಂದ ಬಿಗ್ 12 ಎಂಬ ಕಾನ್ಫರೆನ್ಸ್ ಸೇರಿರುವ ಯುಸಿಎಫ್ ಇವೆ. ಇವು ಸಾಲದು ಅಂತ ಜಾರ್ಜಿಯಾ, ಅಲಬಾಮಾ, ಓಹಾಯೋ ಸ್ಟೇಟ್‌ನವರು ಬಂದು ಆರಿಸಿಕೊಂಡು ಹೋಗುತ್ತಾರೆ. ಪೆನ್ ಸ್ಟೇಟ್ ಕಥೆ ಬೇರೆ. ಅದಿರುವ ಸ್ಟೇಟ್ ಕಾಲೇಜ್ ಎಂಬ ಊರು ಪೆನ್ಸಿಲ್ವೇನಿಯಾದ ನಟ್ಟನಡುವೆ ಬೆಟ್ಟಗಳ ಮಧ್ಯೆ ಇದೆ. ಪಿಟ್ಸ್‌ಬರ್ಗ್‌ಗಾಗಲಿ ಫಿಲಡೆಲ್ಫಿಯಾಗಾಗಲಿ ಕಾರಿನಲ್ಲಿ ಮೂರು ಗಂಟೆ ಆಚೀಚೆ. ಪಕ್ಕದ ನ್ಯೂಜೆರ್ಸಿ, ಮೇರಿಲ್ಯಾಂಡ್‌ನಲ್ಲೂ ಒಳ್ಳೇ ಹುಡುಗರಿದ್ದಾರೆ. ಸುಮಾರಾಗಿ ಒಳ್ಳೇ ಜಾಗವೇ. ಲೂಸಿಯಾನಾದಂಥ ಜಾಗವಲ್ಲ ಅಷ್ಟೆ.

ದುಡ್ಡು ಯಾರಿಗೆ

ಕೋಚ್‌ನ ಸಂಬಳದ ಅಂಕಿ ಪೇಪರ್‌ನಲ್ಲಿ ದೊಡ್ಡದಾಗಿ ಬರುತ್ತದೆ. ಹುದ್ದೆಯನ್ನು ಅಳೆಯಲು ಅದು ಉಪಯೋಗಕ್ಕೆ ಬರುವುದಿಲ್ಲ. ದೊಡ್ಡ ಕಾಲೇಜು ಯಾವುದಾದರೂ ಕೋಟಿ ಡಾಲರ್ ಆಸುಪಾಸು ಕೊಟ್ಟೇ ಕೊಡುತ್ತದೆ. ಈಗ ಕೇಳಬೇಕಾದ್ದು ಆಟಗಾರರಿಗೆ ಎಷ್ಟು ಇಟ್ಟಿದ್ದೀರಿ ಅಂತ.

2021ರ ಜುಲೈವರೆಗೆ ಕಾಲೇಜು ಆಟಗಾರ ತನ್ನ ಹೆಸರಿನ ಮೇಲೆ ಒಂದು ಜಾಹೀರಾತಿನ ದುಡ್ಡನ್ನೂ ತಗೊಳ್ಳುವಂತಿರಲಿಲ್ಲ. ಆಮೇಲೆ ಎನ್‌ಐಎಲ್ ಬಂತು, ಹೆಸರು ಮತ್ತು ಮುಖದಿಂದ ಸಂಪಾದಿಸಬಹುದು ಅಂತಾಯಿತು. ಅದರ ಜೊತೆಗೆ ಕಾಲೇಜು ಬದಲಿಸಲು ಬಯಸುವ ಆಟಗಾರರು ಹೆಸರು ಕೊಡುವ ಟ್ರಾನ್ಸ್‌ಫರ್ ಪೋರ್ಟಲ್‌ನ ನಿಯಮಗಳೂ ಸಡಿಲವಾದವು. ಮೊದಲು ಕಾಲೇಜು ಬದಲಿಸಿದರೆ ಒಂದು ವರ್ಷ ಬೆಂಚ್ ಮೇಲೆ ಕೂರಬೇಕಿತ್ತು. ಈಗ ಬದಲಿಸಿದ ವರ್ಷವೇ ಆಡಬಹುದು. 2025ರ ಜೂನ್‌ನಲ್ಲಿ ಆಟಗಾರರಿಗೆ ದುಡ್ಡು ಕೊಡುವ ಬಗ್ಗೆ ನಡೆದಿದ್ದ ಹೌಸ್ ಎಂಬ ಕೇಸಿನ ಒಪ್ಪಂದಕ್ಕೆ ಕೋರ್ಟ್ ಅಸ್ತು ಅಂದಿತು. ಜುಲೈ 1ರಿಂದ ಕಾಲೇಜುಗಳೇ ನೇರವಾಗಿ ಆಟಗಾರರಿಗೆ ದುಡ್ಡು ಕೊಡಬಹುದು. ಮೊದಲ ವರ್ಷದ ಮಿತಿ ಎಲ್ಲ ಆಟಗಳಿಗೂ ಸೇರಿ ಸುಮಾರು 2.05 ಕೋಟಿ ಡಾಲರ್. ದೊಡ್ಡ ಕಾಲೇಜುಗಳಲ್ಲಿ ಅದರ ಸಿಂಹಪಾಲು ಫುಟ್‌ಬಾಲ್‌ಗೇ ಹೋಗುತ್ತದೆ.

ಇದರಿಂದ ಹಳೇ ಲೆಕ್ಕ ತಲೆಕೆಳಗಾಯಿತು. ಇಂಡಿಯಾನಾ ಯೂನಿವರ್ಸಿಟಿಯನ್ನೇ ನೋಡಿ. ಅದು ಬಾಸ್ಕೆಟ್‌ಬಾಲ್ ಊರು. ಫುಟ್‌ಬಾಲ್‌ನಲ್ಲಿ ಅತಿ ಹೆಚ್ಚು ಸೋತ ತಂಡ ಅನ್ನುವ ಹಣೆಪಟ್ಟಿ ಅದಕ್ಕಿತ್ತು. 2023ರಲ್ಲಿ ಗೆದ್ದದ್ದು 3, ಸೋತದ್ದು 9. ಆ ನವೆಂಬರ್‌ನಲ್ಲಿ ಜೇಮ್ಸ್ ಮ್ಯಾಡಿಸನ್ ಯೂನಿವರ್ಸಿಟಿಯ ಕೋಚ್ ಕರ್ಟ್ ಸಿಗ್ನೆಟ್ಟಿ ಅಲ್ಲಿಗೆ ಬಂದರು. ಬರುವಾಗ ತಮ್ಮ ಹಳೇ ತಂಡದ ಹತ್ತಕ್ಕೂ ಹೆಚ್ಚು ಹುಡುಗರನ್ನು ಕರೆತಂದರು. ಕಾಲೇಜು ಖರ್ಚಿಗೆ ಹಿಂದೆ ಮುಂದೆ ನೋಡಲಿಲ್ಲ. ಅಲ್ಲೇ ಓದಿದ ಶ್ರೀಮಂತ ಮಾರ್ಕ್ ಕ್ಯೂಬನ್ ಕೂಡ ಕೈಜೋಡಿಸಿದರು. ಮುಂದೆ ಕ್ಯಾಲಿಫೋರ್ನಿಯಾದಿಂದ ಪೋರ್ಟಲ್ ಮೂಲಕ ಬಂದ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸುವವನು) ಫರ್ನಾಂಡೋ ಮೆಂಡೋಝಾ ವರ್ಷದ ಅತ್ಯುತ್ತಮ ಆಟಗಾರನಿಗೆ ಕೊಡುವ ಹೈಸ್‌ಮನ್ ಟ್ರೋಫಿ ಗೆದ್ದರು. 2025ರ ಸೀಸನ್‌ನಲ್ಲಿ ಇಂಡಿಯಾನಾ ಒಂದೂ ಮ್ಯಾಚ್ ಸೋಲದೆ 16 ಗೆದ್ದು ರಾಷ್ಟ್ರೀಯ ಚಾಂಪಿಯನ್ ಆಯಿತು. ಐದು ವರ್ಷ ಹಿಂದೆ ಯಾವುದೇ ಪಟ್ಟಿಯಲ್ಲಿ ಇಂಡಿಯಾನಾ ಹುದ್ದೆ ಕೊನೆಯ ಸಾಲಿನಲ್ಲಿ ಇರುತ್ತಿತ್ತು.

ಟೆಕ್ಸಸ್ ಟೆಕ್ ಇನ್ನೊಂದು ಉದಾಹರಣೆ. ಲಬಕ್ ಅನ್ನುವ ದೂರದ ಊರು. ಅಲ್ಲೇ ಆಡಿದ್ದ, ಆಮೇಲೆ ತೈಲ ವ್ಯಾಪಾರದಲ್ಲಿ ದುಡ್ಡು ಮಾಡಿದ ಕೋಡಿ ಕ್ಯಾಂಬೆಲ್ ಮುಂದೆ ನಿಂತು ತಂಡ ಕಟ್ಟಲು ದುಡ್ಡು ಸುರಿಸಿದರು. 2025ರಲ್ಲಿ ಬಿಗ್ 12 ಕಾನ್ಫರೆನ್ಸ್ ಗೆದ್ದೇಬಿಟ್ಟರು.

ಆದರೂ ನಾನು ದುಡ್ಡಿಗೆ ಮೊದಲ ಸ್ಥಾನ ಕೊಡುವುದಿಲ್ಲ. ಎನ್‌ಐಎಲ್ ದುಡ್ಡು ದಾನಿಗಳ ಮೂಡ್ ಮೇಲೆ ನಿಂತಿರುತ್ತದೆ. ಈ ದಾನಿಗಳಿಗೆ ಬೂಸ್ಟರ್‌ಗಳು ಅನ್ನುತ್ತಾರೆ. ಎರಡು ಸೀಸನ್ ಸೋತರೆ ಅವರ ಕೈ ಬಿಗಿಯಾಗುತ್ತದೆ, ಮಾತು ಮಾತ್ರ ಜಾಸ್ತಿಯಾಗುತ್ತದೆ.

ಬಾಸ್ ಯಾರು?

ಜನ ಕಡಿಮೆ ಮಾತಾಡುವುದು ಇದರ ಬಗ್ಗೆ. ನನಗೆ ಇದೇ ಎಲ್ಲಕ್ಕಿಂತ ಮುಖ್ಯ ಅನಿಸುತ್ತದೆ.

ಕಾಗದದ ಮೇಲೆ ಹೆಡ್ ಕೋಚ್‌ನ ಮೇಲಿರುವುದು ಅಥ್ಲೆಟಿಕ್ ಡೈರೆಕ್ಟರ್. ಅವರ ಮೇಲೆ ಯೂನಿವರ್ಸಿಟಿಯ ಅಧ್ಯಕ್ಷರು, ಅವರ ಮೇಲೆ ಆಡಳಿತ ಮಂಡಳಿ. ಈ ಮೂವರದೂ ಒಂದೇ ಮಾತಾದರೆ ಕೋಚ್ ಆರಾಮಾಗಿ ಕೆಲಸ ಮಾಡಬಹುದು. ಬೂಸ್ಟರ್‌ಗಳು ಮಧ್ಯೆ ಫೋನ್ ಮಾಡತೊಡಗಿದರೆ, ಮಂಡಳಿಯಲ್ಲಿ ಎರಡು ಗುಂಪಾದರೆ, ಮುಗಿಯಿತು. 2003ರಲ್ಲಿ ಆಬರ್ನ್ ಯೂನಿವರ್ಸಿಟಿಯ ಅಧ್ಯಕ್ಷರು ಸೀಸನ್ ನಡೆಯುತ್ತಿರುವಾಗಲೇ ಗುಟ್ಟಾಗಿ ವಿಮಾನ ಹತ್ತಿ ಲೂಯಿವಿಲ್‌ನ ಕೋಚ್ ಬಾಬಿ ಪೆಟ್ರಿನೊ ಅವರನ್ನು ಭೇಟಿಯಾಗಲು ಹೋಗಿದ್ದರು. ಆಗ ಆಬರ್ನ್‌ಗೆ ಟಾಮಿ ಟಬರ್ವಿಲ್ ಎಂಬ ಕೋಚ್ ಇದ್ದರು! ಸುದ್ದಿ ಹೊರಗೆ ಬಿದ್ದು ಊರೆಲ್ಲ ಗಲಾಟೆಯಾಯಿತು. ಟಬರ್ವಿಲ್ ಉಳಿದರು, ಮರುವರ್ಷ ಒಂದೂ ಸೋಲದೆ ಸೀಸನ್ ಮುಗಿಸಿದರು.

ಎಲ್‌ಎಸ್‌ಯು ಹುದ್ದೆಯ ದೊಡ್ಡ ಹುಳುಕು ಇಲ್ಲೇ ಇದೆ. ಕೆಲ್ಲಿ 2021ರ ಕೊನೆಯಲ್ಲಿ 10 ವರ್ಷಕ್ಕೆ 9.5 ಕೋಟಿ ಡಾಲರ್ ಒಪ್ಪಂದಕ್ಕೆ ನೋಟ್ರ ಡೇಮ್ ಬಿಟ್ಟು ಬಂದವರು. ಮನೆಯಂಗಳದಲ್ಲೇ ಟೆಕ್ಸಸ್ ಎ ಅಂಡ್ ಎಂ ಎದುರು 49-25 ಸೋತ ಮರುದಿನ ಹೋದರು. ಒಪ್ಪಂದ ಮುಗಿಯುವ ಮೊದಲೇ ತೆಗೆದದ್ದಕ್ಕೆ ಕಾಲೇಜು ಅವರಿಗೆ ಕೊಡಬೇಕಾದ ದುಡ್ಡು, ಅಂದರೆ ಬೈಔಟ್, ಸುಮಾರು 5.4 ಕೋಟಿ ಡಾಲರ್. ಆಗ ರಾಜ್ಯದ ಗವರ್ನರ್ ಜೆಫ್ ಲ್ಯಾಂಡ್ರಿ ಮೈಕ್ ಮುಂದೆ ನಿಂತು, ಮುಂದಿನ ಕೋಚ್‌ನ ಆಯ್ಕೆ ಅಥ್ಲೆಟಿಕ್ ಡೈರೆಕ್ಟರ್ ಸ್ಕಾಟ್ ವುಡ್‌ವರ್ಡ್ ಕೈಯಲ್ಲಿ ಇರುವುದಿಲ್ಲ ಅಂತ ಹೇಳಿದರು. ಮರುದಿನ ವುಡ್‌ವರ್ಡ್ ಕೂಡ ಹುದ್ದೆಯಲ್ಲಿ ಇರಲಿಲ್ಲ. ಇದೇ ವುಡ್‌ವರ್ಡ್ ಹಿಂದೆ ಟೆಕ್ಸಸ್ ಎ ಅಂಡ್ ಎಂನಲ್ಲಿದ್ದಾಗ ಜಿಂಬೊ ಫಿಶರ್ ಅವರನ್ನು ತಂದವರು. ಫಿಶರ್ ಅವರನ್ನು 2023ರಲ್ಲಿ ತೆಗೆಯುವಾಗ ಆ ಕಾಲೇಜು ಸುಮಾರು 7.6 ಕೋಟಿ ಡಾಲರ್ ತೆರಬೇಕಾಯಿತು. ಗವರ್ನರ್‌ ಸಿಟ್ಟಿಗೆ ಕಾರಣ ಇತ್ತು ಅಂತ ಒಪ್ಪುತ್ತೇನೆ. ಆದರೆ ಗವರ್ನರ್ ಮಂಡಳಿಯ ಸದಸ್ಯರನ್ನು ನೇಮಿಸುವ, ಕೋಚ್ ಆಯ್ಕೆ ಬಗ್ಗೆ ಮಾತಾಡುವ ಕಡೆ ಕೆಲಸಕ್ಕೆ ಸೇರುವವರು ಇದನ್ನು ಕಣ್ಣು ಬಿಟ್ಟು ನೋಡಿಯೇ ಸೇರಬೇಕು.

ದಾರಿ ಎಷ್ಟು ಕಲ್ಲುಮುಳ್ಳು

ಸೀಸನ್ ಕೊನೆಗೆ ರಾಷ್ಟ್ರೀಯ ಪಟ್ಟಕ್ಕಾಗಿ ನಡೆಯುವ ನಾಕೌಟ್ ಪಂದ್ಯಗಳಿಗೆ ಪ್ಲೇಆಫ್ ಅನ್ನುತ್ತಾರೆ. 2024ರಿಂದ ಅದರಲ್ಲಿ 4 ತಂಡಗಳ ಬದಲು 12. ಹಾಗಾಗಿ ಒಂದೆರಡು ಸೋತರೂ ಒಳಗೆ ಹೋಗಬಹುದು. ಇದು ಎಲ್ಲ ದೊಡ್ಡ ಹುದ್ದೆಗಳಿಗೂ ಸ್ವಲ್ಪ ಉಸಿರು ಕೊಟ್ಟಿದೆ. ಎಲ್‌ಎಸ್‌ಯು, ಫ್ಲೋರಿಡಾ ಆಡುವ ಎಸ್‌ಇಸಿ ಕಾನ್ಫರೆನ್ಸ್‌ನಲ್ಲಿ 16 ತಂಡ, ಪೆನ್ ಸ್ಟೇಟ್ ಆಡುವ ಬಿಗ್ ಟೆನ್‌ನಲ್ಲಿ 18. ಟಿವಿ ದುಡ್ಡಿನ ದೊಡ್ಡ ಪಾಲು ಇವೆರಡಕ್ಕೇ. ಈ ಎರಡರ ಹೊರಗಿದ್ದರೆ ಹುದ್ದೆಯ ಬೆಲೆ ಒಂದು ಮೆಟ್ಟಿಲು ಕೆಳಗೆ ಅಂತಲೇ ಲೆಕ್ಕ. ಒಳಗೂ ಎಲ್ಲ ದಾರಿ ಒಂದೇ ಅಲ್ಲ. ಎಸ್‌ಇಸಿಯಲ್ಲಿ ಸುಲಭದ ಶನಿವಾರ ಕಡಿಮೆ, 2026ರಿಂದ ಕಾನ್ಫರೆನ್ಸ್ ಮ್ಯಾಚ್ ಕೂಡ 8ರಿಂದ 9ಕ್ಕೆ ಏರುತ್ತದೆ.

ಕಾನ್ಫರೆನ್ಸ್ ಕುಸಿದರೆ ಏನಾಗುತ್ತದೆ ಅನ್ನುವುದಕ್ಕೆ ಜೋನಥನ್ ಸ್ಮಿತ್ ಸಾಕ್ಷಿ. ತಾವೇ ಕ್ವಾರ್ಟರ್‌ಬ್ಯಾಕ್ ಆಗಿದ್ದ ಓರೆಗಾನ್ ಸ್ಟೇಟ್‌ಗೆ ಕೋಚ್ ಆಗಿ ತಂಡವನ್ನು ಮೇಲೆತ್ತಿದ್ದರು. ಅದು ಆಡುತ್ತಿದ್ದ ಪ್ಯಾಕ್-12 ಕಾನ್ಫರೆನ್ಸ್ ಒಡೆದು ಓರೆಗಾನ್ ಸ್ಟೇಟ್ ಒಂಟಿಯಾದಾಗ, 2023ರಲ್ಲಿ ತಮ್ಮ ಸ್ವಂತ ಕಾಲೇಜು ಬಿಟ್ಟು ಬಿಗ್ ಟೆನ್‌ನ ಮಿಶಿಗನ್ ಸ್ಟೇಟ್‌ಗೆ ಹೋದರು. ಎರಡೇ ಸೀಸನ್‌ನಲ್ಲಿ ಅಲ್ಲಿಂದಲೂ ತೆಗೆದರು.

ಹಳೇ ನೆನಪಿನ ಭಾರ

ಕಪ್‌ಗಳು ಕೋಚ್‌ಗೆ ಆಸ್ತಿ ಅಂತ ತಿಳಿಯುತ್ತೇವೆ, ಅಲ್ವಾ? ಬಹಳ ಸಲ ಅವೇ ಸಾಲ. ನೆಬ್ರಾಸ್ಕಾ ನೋಡಿ. 1962ರಿಂದ ಅಲ್ಲಿಯ ಸ್ಟೇಡಿಯಂನ ಒಂದು ಮ್ಯಾಚ್‌ನ ಟಿಕೆಟ್ಟೂ ಉಳಿದಿಲ್ಲ. ಟಾಮ್ ಓಸ್ಬರ್ನ್ 1994, 1995, 1997ರಲ್ಲಿ ಚಾಂಪಿಯನ್ ಮಾಡಿಸಿದರು. ಜನರ ಪ್ರೀತಿಯಲ್ಲಿ ಒಂಚೂರೂ ಕೊರತೆ ಇಲ್ಲ. ಆದರೆ ಇಡೀ ರಾಜ್ಯದ ಜನಸಂಖ್ಯೆ 20 ಲಕ್ಷ ಮಾತ್ರ. 2011ರಲ್ಲಿ ಬಿಗ್ ಟೆನ್ ಸೇರಿದ ಮೇಲೆ ಟೆಕ್ಸಸ್‌ನ ಹುಡುಗರ ಜೊತೆಗಿದ್ದ ನಂಟೂ ಸಡಿಲವಾಯಿತು. 2003ರಲ್ಲಿ 9 ಗೆದ್ದು 3 ಸೋತ ಫ್ರಾಂಕ್ ಸೋಲಿಚ್ ಅವರನ್ನು ತೆಗೆದರು. ಪ್ರತಿ ವರ್ಷ ಕನಿಷ್ಠ 9 ಗೆಲ್ಲುತ್ತಿದ್ದ ಬೋ ಪೆಲಿನಿ ಅವರನ್ನು 2014ರಲ್ಲಿ ತೆಗೆದರು. 1999ರ ನಂತರ ಒಂದು ಕಾನ್ಫರೆನ್ಸ್ ಪಟ್ಟವೂ ಬಂದಿಲ್ಲ. ಅಲ್ಲಿ ಕೇಳುವುದು 1995ರ ಫಲ, ಕೊಡುತ್ತಿರುವುದು ಬೇರೆ ಕಾಲದ ನೆಲ.

ಗೆದ್ದರೂ ಕುರ್ಚಿ ಭದ್ರ ಅಂತೇನಿಲ್ಲ. ಆಬರ್ನ್‌ನಲ್ಲಿ ಜೀನ್ ಚಿಜಿಕ್ 2010ರಲ್ಲಿ ರಾಷ್ಟ್ರೀಯ ಚಾಂಪಿಯನ್, 2012ರಲ್ಲಿ ಕೆಲಸವಿಲ್ಲ. ಎಲ್‌ಎಸ್‌ಯುನಲ್ಲಿ ಓರ್ಜರಾನ್ 15ಕ್ಕೆ 15 ಗೆದ್ದ ಸೀಸನ್ 2019ರದು. 2021ರ ಅಕ್ಟೋಬರ್‌ನಲ್ಲೇ ಅವರ ನಿರ್ಗಮನದ ಘೋಷಣೆ ಆಯಿತು.

ಇದಕ್ಕೆ ಎದುರಾಗಿ ಐಯೋವಾ ಇದೆ. 1979ರಿಂದ ಇವತ್ತಿನವರೆಗೆ ಅಲ್ಲಿ ಇಬ್ಬರೇ ಕೋಚ್: ಹೇಡನ್ ಫ್ರೈ, 1999ರಿಂದ ಕರ್ಕ್ ಫೆರೆಂಟ್ಸ್. ಫೆರೆಂಟ್ಸ್ ಮೊದಲ ವರ್ಷ ಗೆದ್ದದ್ದು 1, ಎರಡನೇ ವರ್ಷ 3. ಬೇರೆ ಕಡೆ ಆಗಿದ್ದರೆ ಅಲ್ಲಿಗೇ ಕಥೆ ಮುಗಿದಿರುತ್ತಿತ್ತು. ಐಯೋವಾ ಕಾಯಿತು. ನಾಲ್ಕನೇ ವರ್ಷ 11 ಗೆದ್ದರು. 2025ರಲ್ಲಿ ಬಿಗ್ ಟೆನ್ ಇತಿಹಾಸದಲ್ಲೇ ಅತಿ ಹೆಚ್ಚು ಗೆದ್ದ ಕೋಚ್ ಆದರು. ಅಲ್ಲಿಯ ಕಿನಿಕ್ ಸ್ಟೇಡಿಯಂ ಪಕ್ಕದಲ್ಲೇ ಮಕ್ಕಳ ಆಸ್ಪತ್ರೆ ಇದೆ. 2017ರಿಂದ ಮೊದಲ ಕ್ವಾರ್ಟರ್ ಮುಗಿದ ಕೂಡಲೇ ಸ್ಟೇಡಿಯಂನ ಸಾವಿರಾರು ಜನ ಆಟದ ಕಡೆ ಬೆನ್ನು ಮಾಡಿ, ಆಸ್ಪತ್ರೆಯ ಮೇಲಿನ ಮಹಡಿಯ ಕಿಟಕಿಗಳಲ್ಲಿ ನಿಂತ ಮಕ್ಕಳಿಗೆ ಕೈ ಬೀಸುತ್ತಾರೆ. ಆಟಗಾರರು, ಕೋಚ್‌ಗಳು, ಎದುರಾಳಿ ತಂಡದವರೂ ಬೀಸುತ್ತಾರೆ. ಇಂಥ ಊರಲ್ಲಿ 8 ಗೆಲುವಿನ ಸೀಸನ್‌ಗೆ ಮರ್ಯಾದೆ ಇದೆ. ರಾಷ್ಟ್ರೀಯ ಪಟ್ಟ ಸಿಗುವುದು ಕಷ್ಟ, ನಿಜ. ಆದರೆ ಕೇಳುವುದೂ ಕೊಡುವುದೂ ಇಷ್ಟು ಹೊಂದಿಕೊಂಡ ಹುದ್ದೆ ಇನ್ನೊಂದನ್ನು ಹುಡುಕುವುದೂ ಕಷ್ಟ.

ಈಗ ಮೂರನ್ನೂ ಪಕ್ಕಪಕ್ಕ ಇಡೋಣ

ಪೆನ್ ಸ್ಟೇಟ್‌ನಲ್ಲಿ ಫ್ರಾಂಕ್ಲಿನ್ ಗೆದ್ದದ್ದು 104, ಸೋತದ್ದು 45. 2025ರ ಜನವರಿಯಲ್ಲಿ ತಂಡ ಪ್ಲೇಆಫ್‌ನ ಸೆಮಿಫೈನಲ್ ಆಡಿತ್ತು. ಅದೇ ವರ್ಷ ಸೆಪ್ಟೆಂಬರ್ ಕೊನೆಗೆ ಓರೆಗಾನ್ ಎದುರು ಎರಡನೇ ಓವರ್‌ಟೈಮ್‌ನಲ್ಲಿ ಸೋತರು. ಮುಂದಿನ ಶನಿವಾರ, ಆವರೆಗೆ ಒಂದೂ ಗೆಲ್ಲದ ಯುಸಿಎಲ್‌ಎ ಎದುರು ಸೋತರು. ಅದರ ಮುಂದಿನ ಶನಿವಾರ ಮನೆಯಲ್ಲೇ ನಾರ್ತ್‌ವೆಸ್ಟರ್ನ್ ಎದುರು 22-21. ಹದಿನೈದು ದಿನದಲ್ಲಿ ಹನ್ನೊಂದು ವರ್ಷದ ಕೆಲಸ ಕೈಜಾರಿತು. ಹಾಗಿದ್ದರೆ ಇದು ಕೆಟ್ಟ ಹುದ್ದೆಯಾ? ನನಗೆ ಹಾಗನಿಸುವುದಿಲ್ಲ. ಆ ಕಾಲೇಜು ಒಬ್ಬ ಕೋಚ್‌ಗೆ ಹನ್ನೊಂದು ವರ್ಷ ಕೊಟ್ಟಿತ್ತು. ಲಕ್ಷಕ್ಕೂ ಮೀರಿ ಜನ ಹಿಡಿಸುವ ಬೀವರ್ ಸ್ಟೇಡಿಯಂ ನವೀಕರಣಕ್ಕೆ 70 ಕೋಟಿ ಡಾಲರ್ ಹಾಕುತ್ತಿದೆ. ರಾಜ್ಯದಲ್ಲಿ ಪೈಪೋಟಿ ಕಡಿಮೆ. ಅದರ ಕೊರತೆ ಒಂದೇ, ದೊಡ್ಡ ತಂಡಗಳನ್ನು ಸೋಲಿಸುವಷ್ಟು ಆಟಗಾರರು ಸುತ್ತಮುತ್ತಲೇ ಸಿಗುವುದಿಲ್ಲ.

ಫ್ಲೋರಿಡಾ ನನ್ನ ಪಟ್ಟಿಯಲ್ಲಿ ಮೂರನೆಯದು. ಹೆಸರು ದೊಡ್ಡದು, 1996, 2006, 2008ರ ಪಟ್ಟಗಳಿವೆ. ಆದರೆ 2010ರಲ್ಲಿ ಅರ್ಬನ್ ಮೇಯರ್ ಹೋದ ಮೇಲೆ ಬಂದ ನಾಲ್ವರಲ್ಲಿ ಒಬ್ಬರೂ ನಾಲ್ಕು ಸೀಸನ್ ದಾಟಲಿಲ್ಲ. ನಾಲ್ವರೂ ದಡ್ಡರಾ? ಸಾಧ್ಯವಿಲ್ಲ. ಎಸ್‌ಇಸಿಯ ದಾರಿ, ರಾಜ್ಯದೊಳಗೇ ನಾಲ್ಕು ಪಾಲು, ವರ್ಷವೂ ಜಾರ್ಜಿಯಾ, ವರ್ಷವೂ ಫ್ಲೋರಿಡಾ ಸ್ಟೇಟ್, ತಲೆಯ ಮೇಲೆ ಮೇಯರ್ ಕಾಲದ ನೆನಪು. ಕೇಳುವುದಕ್ಕೂ ಕೊಡುವುದಕ್ಕೂ ಅಂತರ ಎದ್ದು ಕಾಣುತ್ತದೆ.

ಎಲ್‌ಎಸ್‌ಯುನಲ್ಲಿ ಪಟ್ಟ ಗೆಲ್ಲುವ ದಾರಿ ಎಲ್ಲಕ್ಕಿಂತ ಹತ್ತಿರ, ಕುರ್ಚಿ ಎಲ್ಲಕ್ಕಿಂತ ಅಲುಗಾಟದ್ದು.

ಕೊನೆಗೆ ಯಾರು ಎಲ್ಲಿಗೆ ಹೋದರು ಅನ್ನುವುದರಲ್ಲೂ ಇದು ಕಾಣುತ್ತದೆ. ಕೋಚ್ ಲೇನ್ ಕಿಫಿನ್ ಅವರ ಓಲ್ ಮಿಸ್ (ಮಿಸಿಸಿಪ್ಪಿ ಯೂನಿವರ್ಸಿಟಿ) 11 ಗೆದ್ದು 1 ಸೋತು ಪ್ಲೇಆಫ್ ಬಾಗಿಲಲ್ಲಿತ್ತು. ಫ್ಲೋರಿಡಾವೂ ಅವರನ್ನು ಕರೆಯುತ್ತಿತ್ತು. ಅವರು ಆರಿಸಿದ್ದು ಎಲ್‌ಎಸ್‌ಯು, ವರ್ಷಕ್ಕೆ ಸುಮಾರು 1.3 ಕೋಟಿ ಡಾಲರ್‌ಗೆ. ಪ್ಲೇಆಫ್‌ನಲ್ಲಿ ತಂಡ ನಡೆಸಲು ಓಲ್ ಮಿಸ್ ಬಿಡಲಿಲ್ಲ. ಸಹಾಯಕ ಕೋಚ್ ಆಗಿದ್ದ ಪೀಟ್ ಗೋಲ್ಡಿಂಗ್ ಕೈಗೆ ಬಂದ ಆ ತಂಡ ಸೆಮಿಫೈನಲ್‌ವರೆಗೆ ಹೋಯಿತು. ಫ್ಲೋರಿಡಾಗೆ ಟುಲೇನ್‌ನ ಜಾನ್ ಸಮ್ರಾಲ್ ಬಂದರು. ಪೆನ್ ಸ್ಟೇಟ್ ಬಿವೈಯುನ ಕಲಾನಿ ಸಿಟಾಕೆ ಅವರಿಗೆ ಗಾಳ ಹಾಕಿತ್ತು. ಅವರು ತಾವು ಆಡಿದ ಕಾಲೇಜಿನಲ್ಲೇ ಉಳಿದರು. ಆಮೇಲೆ ಐಯೋವಾ ಸ್ಟೇಟ್‌ನಲ್ಲಿ ಹತ್ತು ಸೀಸನ್ ಕಳೆದ ಮ್ಯಾಟ್ ಕ್ಯಾಂಬೆಲ್ ಪೆನ್ ಸ್ಟೇಟ್‌ಗೆ ಬಂದರು. ಬೀಜ ಹಾಕಿ ಬೆಳೆಸುವ ಸ್ವಭಾವದ ಕೋಚ್‌ಗೆ ಹೇಳಿ ಮಾಡಿಸಿದ ಹುದ್ದೆ ಅದು.

ಯಾರಿಗೆ ಯಾವುದು

ಇನ್ನೂ ಹೆಡ್ ಕೋಚ್ ಆಗಿಲ್ಲದ ಸಹಾಯಕ ಕೋಚ್‌ಗೆ ಈ ಮೂರರಲ್ಲಿ ಯಾವುದೂ ಬೇಡ. ಮೆಟ್ಟಿಲು ಆಗುವ ಕಾಲೇಜು ನೋಡಬೇಕು. ಜೇಮ್ಸ್ ಮ್ಯಾಡಿಸನ್‌ನಿಂದ ಸಾಲಾಗಿ ನಾಲ್ವರು ಮೇಲೆ ಹೋದರು: ಎವರೆಟ್ ವಿದರ್ಸ್ ಟೆಕ್ಸಸ್ ಸ್ಟೇಟ್‌ಗೆ, ಮೈಕ್ ಹ್ಯೂಸ್ಟನ್ ಈಸ್ಟ್ ಕ್ಯಾರೊಲೈನಾಗೆ, ಸಿಗ್ನೆಟ್ಟಿ ಇಂಡಿಯಾನಾಗೆ, ಬಾಬ್ ಚೆಸ್ನಿ ಯುಸಿಎಲ್‌ಎಗೆ. ಅಂಥ ಕಡೆ ಗೆಲ್ಲುವ ಅಭ್ಯಾಸ ಇರುತ್ತದೆ, ತಪ್ಪು ಮಾಡಿ ಕಲಿಯಲು ಜಾಗವೂ ಇರುತ್ತದೆ.

ಐವತ್ತರ ಆಸುಪಾಸಿನಲ್ಲಿ ಇದ್ದು, ಒಂದು ರಾಷ್ಟ್ರೀಯ ಪಟ್ಟ ಬೇಕೇ ಬೇಕು, ಆಮೇಲೆ ಏನಾದರೂ ಆಗಲಿ ಅನ್ನುವವರಿಗೆ ಎಲ್‌ಎಸ್‌ಯು. ಮಕ್ಕಳು ಅದೇ ಸ್ಕೂಲಲ್ಲಿ ಹತ್ತನೇ ಕ್ಲಾಸ್ ಮುಗಿಸಲಿ ಅನ್ನುವವರಿಗೆ ಪೆನ್ ಸ್ಟೇಟ್, ಇಲ್ಲವೇ ಐಯೋವಾ ಥರದ ಊರು. ದಂತಕಥೆ ಆದವರು ಬಿಟ್ಟ ಜಾಗಕ್ಕೆ ನೇರವಾಗಿ ಹೋಗುವುದು ಮಾತ್ರ ಬಹಳ ಕಷ್ಟದ ದಾರಿ. ಅಲಬಾಮಾದಲ್ಲಿ ಆರು ಪಟ್ಟ ಗೆದ್ದ ಸೇಬನ್ 2024ರ ಜನವರಿಯಲ್ಲಿ ನಿವೃತ್ತರಾದ ಮೇಲೆ ಬಂದ ಕೇಲೆನ್ ಡಿಬೋರ್ 2025ರಲ್ಲಿ 11 ಗೆದ್ದು ಪ್ಲೇಆಫ್‌ನಲ್ಲಿ ಆಡಿದರೂ ಜನ ತೃಪ್ತರಾಗಲಿಲ್ಲ.

ಇನ್ನು ಸಹಿ ಹಾಕುವ ಮೊದಲಿನ ಮಾತು. ಬೈಔಟ್ ಎಷ್ಟು ಅಂತ ಕೇಳುವವರೇ ಎಲ್ಲ. ಬೇರೆ ಕಡೆ ಕೆಲಸ ಸಿಕ್ಕರೆ ಆ ದುಡ್ಡು ಕಡಿತ ಆಗುತ್ತದಾ ಅಂತಲೂ ನೋಡಬೇಕು. ಫಿಶರ್ ಒಪ್ಪಂದದಲ್ಲಿ ಕಡಿತ ಇರಲಿಲ್ಲ, ಫ್ರಾಂಕ್ಲಿನ್ ಅವರದರಲ್ಲಿ ಇತ್ತು. ಸಹಾಯಕ ಕೋಚ್‌ಗಳ ಸಂಬಳಕ್ಕೆ ಎಷ್ಟು, ಆಟಗಾರರಿಗೆ ಎಷ್ಟು ಅನ್ನುವುದೂ ಬರಹದಲ್ಲಿ ಇರಬೇಕು. ಫ್ರಾಂಕ್ಲಿನ್ ನವೆಂಬರ್‌ನಲ್ಲಿ ಸೇರಿದ ವರ್ಜೀನಿಯಾ ಟೆಕ್ ಈ ವಿಷಯದಲ್ಲಿ ನನಗೆ ಹಿಡಿಸಿತು. ಹೆಸರಲ್ಲಿ ಅದು ಪೆನ್ ಸ್ಟೇಟ್‌ಗಿಂತ ಚಿಕ್ಕದು. ಆದರೆ ಹೊಸ ಕೋಚ್‌ನ ಹೆಸರು ಗೊತ್ತಾಗುವ ಮೊದಲೇ, ಸೆಪ್ಟೆಂಬರ್‌ನಲ್ಲೇ, ಅದರ ಮಂಡಳಿ ನಾಲ್ಕು ವರ್ಷಕ್ಕೆ ಸುಮಾರು 22.9 ಕೋಟಿ ಡಾಲರ್ ಕ್ರೀಡೆಗೆ ಹೆಚ್ಚುವರಿಯಾಗಿ ಕೊಡುವ ಯೋಜನೆಗೆ ಒಪ್ಪಿಗೆ ಕೊಟ್ಟಿತ್ತು. ಅಲ್ಲಿ ಕೋಚ್ ಮೊದಲ ದಿನ ಆಫೀಸಿಗೆ ಹೋದಾಗ ಕೈಯಲ್ಲಿ ಎಷ್ಟಿದೆ ಅನ್ನುವುದು ಅವರಿಗೆ ಗೊತ್ತಿತ್ತು.